ಹಲಗೆಯಲ್ಲಿ ಏಳನೆಯದು

ದಾಖಲೆ ಅಂತ ಕೇಳಿದರೆ ನನ್ನ ಹತ್ತಿರ ಇರುವುದು
ಈ ಬೆರಳು, ಸೀಮೆಸುಣ್ಣ ಹಿಡಿದದ್ದು.
ಶ್ರೀರಾಮಪುರದ ಕೋಮಲಾ ಆಡಿಯೋಸ್‌ನಲ್ಲಿ
ಪ್ರತಿ ಸೋಮವಾರ ಹಲಗೆ ಒರೆಸಿ
'ಈ ವಾರದ ಟಾಪ್ ಹತ್ತು' ಬರೆಯುತ್ತಿದ್ದವನು ನಾನು.
ಒರೆಸಿದ ಮೇಲೆ ಏನು ಉಳಿಯುತ್ತದೆ?
ಕೆಮ್ಮು.

ಅವರು ನಾಲ್ವರು. ಗುಂಪಿನ ಹೆಸರು 'ನಾಲ್ಕನೇ ಕ್ರಾಸ್'.
ಕಾಕ್ಸ್ ಟೌನಿನ ಮರ್ಲಿನ್, ನೀಲಸಂದ್ರದ ಝೀನತ್,
ಹಲಸೂರಿನ ಅಮೃತವಲ್ಲಿ,
ನಮ್ಮದೇ ಬೀದಿಯ ಇಸ್ತ್ರಿ ಅಂಗಡಿಯ ವನಮಾಲಾ.
ಯಾರೂ ನಾಲ್ಕನೇ ಕ್ರಾಸಿನವರಲ್ಲ.
ಆ ಕ್ರಾಸಿನಲ್ಲಿ ಬಾಡಿಗೆಗೆ ಸಿಕ್ಕಿದ್ದು ಒಂದು ಗೋದಾಮು,
ಗೋಡೆ ತುಂಬ ಮೊಟ್ಟೆಯ ಟ್ರೇ,
ಹಿತ್ತಿಲಲ್ಲೇ ಹಳಿ.
ಅವರ ಯಾವ ಹಾಡಿಗೆ ಕಿವಿಗೊಟ್ಟರೂ
ಹಿಂದೆ ಎಲ್ಲೋ ತುಮಕೂರು ಪ್ಯಾಸೆಂಜರು ಇದೆ.

ಮೊದಲ ಕ್ಯಾಸೆಟ್ಟು 'ಹಾರ್ನ್ ಹೊಡಿಬೇಡ',
ಎಂಟು ಹಾಡು, ಇಪ್ಪತ್ತೆಂಟು ರೂಪಾಯಿ.
ಕವರಿನ ಮೇಲೆ ನಾಲ್ವರಿಗೂ ಬೆಳ್ಳಿ ಪ್ಯಾಂಟು,
ಛತ್ರಿ ಬಟ್ಟೆಯಲ್ಲಿ ಹೊಲಿದವಳು ಝೀನತ್‌ಳ ಅಮ್ಮಿ.
ಮೊದಲ ವಾರ ಹೋಗಿದ್ದು ಎರಡು.
ಎರಡನೇ ವಾರ ಮೂರು, ಅದರಲ್ಲಿ ಒಂದು ವಾಪಸು:
'ಇದು ಭಾವಗೀತೆ ಅಲ್ಲವೇನ್ರೀ?'

ಮೂರನೇ ಸೋಮವಾರ ಹಲಗೆಯ ಮುಂದೆ ನಿಂತೆ.
ಒಂದರಿಂದ ಆರು ಸಿನಿಮಾದವರ ಜಾಗ.
ಎಂಟರಿಂದ ಹತ್ತು ದೇವರದು, ಮುಟ್ಟುವ ಹಾಗಿಲ್ಲ.
ಏಳರಲ್ಲಿ ಬರೆದುಬಿಟ್ಟೆ.
ಸುಳ್ಳಿಗೂ ಒಂದು ಮರ್ಯಾದೆ ಬೇಕಲ್ಲ.

ಸಂಜೆ ವನಮಾಲಾ ಬಂದಳು, ತಲೆಯ ಮೇಲೆ ಇಸ್ತ್ರಿ ಗಂಟು.
ಹಲಗೆ ಓದಿದಳು. ಮತ್ತೆ ಮೇಲಿನಿಂದ ಓದಿದಳು,
ಬೆರಳಿಟ್ಟು, ಮೆಟ್ಟಿಲು ಇಳಿದ ಹಾಗೆ.
'ಅಣ್ಣಾ, ಏಳಾ?'
'ಏಳು.'
ಗಂಟು ರಸ್ತೆಯಲ್ಲೇ ಬಿಟ್ಟು ಎಸ್‌ಟಿಡಿ ಬೂತಿಗೆ ಓಡಿದಳು.
ಯಾರದೋ ಬಿಳಿ ಷರ್ಟಿನ ಮೇಲೆ ಆಟೋ ಹೋಯಿತು.

ಹನ್ನೊಂದು ವಾರ ಏಳರಲ್ಲೇ.
ಆಮೇಲೊಂದು ವಿಚಿತ್ರ. ಕ್ಯಾಸೆಟ್ಟು ನಿಜಕ್ಕೂ ಹೋಗತೊಡಗಿತು.
ಬುರ್ಖಾದ ಒಬ್ಬಾಕೆ ಮೂರು ಕೊಂಡಳು.
ಕರೀ ಕನ್ನಡಕದ ಒಬ್ಬಾಕೆ, ಮಳೆಯೇ ಇಲ್ಲದ ದಿನ
ರೈನ್‌ಕೋಟು ಹಾಕಿಕೊಂಡು ಬಂದು, ನಾಲ್ಕು.
ಚಪ್ಪಲಿಯ ಗುರುತು ಸಿಕ್ಕಿತು.
ಸುಮ್ಮನೆ ಚಿಲ್ಲರೆ ಎಣಿಸಿ ಕೊಟ್ಟೆ.
ಲೆಕ್ಕದ ಪ್ರಕಾರ ಐದಕ್ಕೆ ಏರಿಸಬೇಕಾಯಿತು,
ಈ ಸಲ ಕೈ ನಡುಗಿತು.

ಎರಡನೆಯದು 'ಬಾಕಿ ಚಿಲ್ಲರೆ', ತೊಂಬತ್ತೊಂಬತ್ತು.
ಹಲಗೆ ಹತ್ತಲೇ ಇಲ್ಲ.
ಅಷ್ಟರಲ್ಲಿ ಮಾಲೀಕರು ಕನ್ನಡಕ ಮಾಡಿಸಿಕೊಂಡಿದ್ದರು.

ಮೂರನೆಯದಕ್ಕೆ ಹೆಸರಿಡುವ ಮೊದಲೇ
ಮರ್ಲಿನ್ ಮಸ್ಕತ್ತಿನ ಆಸ್ಪತ್ರೆಗೆ, ಅಮೃತವಲ್ಲಿ ಸೇಲಮ್ಮಿಗೆ.
ಝೀನತ್ ಎಲ್ಲಿ, ಗೊತ್ತಿಲ್ಲ.

ಮಿಕ್ಕ ನಾನೂರ ಅರವತ್ತು ಕ್ಯಾಸೆಟ್ಟು
ಅವೆನ್ಯೂ ರೋಡಿನವನಿಗೆ ತೂಕಕ್ಕೆ ಹೋಯಿತು.
ಅವನು ಹಾಡಿನ ಮೇಲೇ ಭಜನೆ ತುಂಬಿಸಿದ,
ಹೊಸ ಸ್ಟಿಕ್ಕರು, ಹೊಸ ದೇವರು.
ಆದರೆ ಭಜನೆ ಹದಿನಾರು ನಿಮಿಷ,
ಟೇಪು ಇಪ್ಪತ್ತು.

ಎಷ್ಟೋ ವರ್ಷದ ಮೇಲೆ, ಧನುರ್ಮಾಸ, ಬೆಳಗಿನ ಜಾವ ಐದೂಕಾಲು.
ಗುಡಿಯ ಮೈಕಿನಲ್ಲಿ ಭಜನೆ ಮುಗಿಯಿತು.
ಅರ್ಚಕರು ಹಾಲಿಗೆ ಹೋಗಿದ್ದರೇನೋ, ಯಾರೂ ಆರಿಸಲಿಲ್ಲ.
ಖರ್ರ್ ಅಂತೊಂದು ಸದ್ದು. ರೈಲು.
ಆಮೇಲೆ ನಾಲ್ಕು ಹುಡುಗಿಯರು
ಒಟ್ಟಿಗೆ ಉಸಿರೆಳೆದುಕೊಂಡದ್ದು
ಇಡೀ ಶ್ರೀರಾಮಪುರಕ್ಕೆ ಕೇಳಿಸಿತು,
ಬೋರಿನ ಮುಂದೆ ಸಾಲಿಟ್ಟ ಕೊಡಗಳಿಗೆ,
ಮಾರ್ಕೆಟ್ಟಿಗೆ ಹೊರಟ ಹೂವಿನವರಿಗೆ.
ಬಿ ಸೈಡಿನ ಕೊನೆಯ ಹಾಡು, ಪೂರ್ತಿ.
ಯಾರೂ ಬೈಯಲಿಲ್ಲ.
ಒಬ್ಬ ಮುದುಕಿ ಅಭ್ಯಾಸಬಲದಿಂದ ಕೈಮುಗಿದಳು.

ಅಂಗಡಿಯಿಲ್ಲ ಈಗ, ಹಲಗೆಯಿಲ್ಲ.
ಇಸ್ತ್ರಿ ಅಂಗಡಿಯ ಗೋಡೆಯಲ್ಲಿ
ವನಮಾಲಾಳ ಅಪ್ಪ ಬಟ್ಟೆಯ ಲೆಕ್ಕ ಗೀಚುವ ಜಾಗ ಇದೆ.
ಅಲ್ಲಿ ಇದ್ದಿಲಿನ ಚೂರೊಂದು ಹೆಕ್ಕಿ
ದೊಡ್ಡದಾಗಿ ೧ ಅಂತ ಬರೆದು ಬಂದೆ.

ಸಂಜೆ ನೋಡಿದರೆ, ಅದರ ಪಕ್ಕದಲ್ಲಿ ಮುದುಕ
'ಸೀರೆ' ಅಂತ ಸೇರಿಸಿದ್ದಾನೆ.